ನಮ್ಮ ಕುದುರೆ ಮೈ ತುಂಬಿಕೊಂಡಿದ್ದು ಹೀಗೆ

ಚುಕ್ಕಿಯ ಪಕ್ಕೆಲುಬುಗಳು ಈಗ ಕಣ್ಣಿಗೆ ಕಾಣುವುದಿಲ್ಲ. ಕೈ ಇಟ್ಟು ಸ್ವಲ್ಪ ಒತ್ತಿದರೆ ಬೆರಳಿಗೆ ಸಿಗುತ್ತವೆ, ಅಷ್ಟೇ. ಅದಕ್ಕೇ ಈಗ ಕೂತು ಬರೆಯುವ ಧೈರ್ಯ ಬಂದಿದೆ. ಸೊರಗಿದ ಕುದುರೆಯೊಂದನ್ನು ತಂದುಕೊಂಡು "ಚೆನ್ನಾಗಿ ತಿನ್ನಿಸಿದರೆ ಆಯ್ತಲ್ವಾ" ಅಂದುಕೊಂಡಿರುವವರಿಗೆ ಈ ಬರಹ. ತಿನ್ನಿಸುವುದು ಸುಲಭ. ಹಸಿದ ಪ್ರಾಣಿ ಮುಂದೆ ನಿಂತಿರುವಾಗ ಕೈ ಹಿಡಿದುಕೊಳ್ಳುವುದು ಕಷ್ಟ. ಮೊದಲ ವಾರಗಳ ಪಾಡೆಲ್ಲ ಅದೇ ಆಗಿತ್ತು.

ಚುಕ್ಕಿ ಹೆಣ್ಣು ಕುದುರೆ, ಹದಿಹರೆಯ ದಾಟುತ್ತಿರುವ ವಯಸ್ಸು. ಹಿಂದಿನ ಮಾಲೀಕರು ಕೆಟ್ಟವರಲ್ಲ. ಅವರಿಗೆ ಆರೋಗ್ಯ ಕೈಕೊಟ್ಟಿತ್ತು, ಕುದುರೆ ನೋಡಿಕೊಳ್ಳುವವರು ಬದಲಾಗುತ್ತಲೇ ಇದ್ದರು, ಯಾರಿಗೂ ಲೆಕ್ಕ ಇರಲಿಲ್ಲ. ನಾವು ನೋಡಲು ಹೋದಾಗ ಉದ್ದ ಕೂದಲು ಬೆಳೆದಿತ್ತು. ದೂರದಿಂದ "ಪರವಾಗಿಲ್ಲ, ಸ್ವಲ್ಪ ತೆಳ್ಳಗಿದೆ" ಅನ್ನಿಸುವ ಹಾಗಿತ್ತು. ಹತ್ತಿರ ಹೋಗಿ ಬೆನ್ನ ಮೇಲೆ ಕೈ ಆಡಿಸಿದಾಗ ಬೆನ್ನೆಲುಬಿನ ಒಂದೊಂದು ಗಂಟೂ ಅಂಗೈಗೆ ತಾಗಿತು. ಹೊಟ್ಟೆ ಮಾತ್ರ ಕೆಳಗೆ ಜೋತುಬಿದ್ದಿತ್ತು. ಹೊಟ್ಟೆ ದಪ್ಪ ಕಂಡರೆ ಮೋಸ ಹೋಗಬೇಡಿ. ಕಳಪೆ ಹುಲ್ಲು ತಿಂದರೂ, ಹುಳ ಇದ್ದರೂ, ಸ್ನಾಯು ಕರಗಿದ್ದರೂ ಹೊಟ್ಟೆ ಹಾಗೇ ಇಳಿಬೀಳುತ್ತದೆ.

ಕುದುರೆ ಎಷ್ಟು ಸೊರಗಿದೆ ಅಂತ ಹೇಳಲು ಒಂದು ಅಳತೆ ಇದೆ. ಅಮೆರಿಕದ ಟೆಕ್ಸಸ್ ಎ ಅಂಡ್ ಎಂ ವಿಶ್ವವಿದ್ಯಾಲಯದ ಡಾನ್ ಹೆನ್ನಿಕೆ ಮತ್ತು ಜೊತೆಯವರು 1983ರಲ್ಲಿ ಪ್ರಕಟಿಸಿದ್ದು. 1ರಿಂದ 9ರವರೆಗೆ ಅಂಕ. 1 ಅಂದರೆ ಬರೀ ಎಲುಬಿನ ಗೂಡು, 9 ಅಂದರೆ ಮಿತಿಮೀರಿದ ಬೊಜ್ಜು, 5 ಅಂದರೆ ಹದ. ಕುತ್ತಿಗೆ, ಹೆಗಲ ದಿಬ್ಬ, ಭುಜದ ಹಿಂಭಾಗ, ಪಕ್ಕೆಲುಬು, ಸೊಂಟದ ಬೆನ್ನು, ಬಾಲದ ಬುಡ – ಈ ಆರು ಜಾಗಗಳನ್ನು ಕೈಯಿಂದ ಮುಟ್ಟಿ ನೋಡಬೇಕು. ಕಣ್ಣಿನ ಮೇಲೆ ಭರವಸೆ ಇಡಬೇಡಿ, ಕೂದಲು ಸುಳ್ಳು ಹೇಳುತ್ತದೆ. ಪಶುವೈದ್ಯರು ಬಂದು ಮುಟ್ಟಿ ನೋಡಿ ಚುಕ್ಕಿಗೆ 2 ಕೊಟ್ಟರು. ನಾನು ಮನಸ್ಸಿನಲ್ಲಿ 3 ಅಂದುಕೊಂಡಿದ್ದೆ. ತನ್ನ ಕುದುರೆಗೆ ಎಲ್ಲರೂ ಒಂದು ಅಂಕ ಜಾಸ್ತಿಯೇ ಹಾಕುತ್ತಾರಂತೆ.

ತೂಕದ ಯಂತ್ರ ಎಲ್ಲರ ಬಳಿ ಇರುವುದಿಲ್ಲ. ದರ್ಜಿಯ ಟೇಪ್ ಸಾಕು. ಮುಂಗಾಲಿನ ಹಿಂದೆ, ಹೆಗಲ ದಿಬ್ಬದ ಹಿಂದಿನಿಂದ ಎದೆಯ ಸುತ್ತಳತೆ ತೆಗೆಯಿರಿ. ಭುಜದ ಮುಂದಿನ ಮೂಳೆಯಿಂದ ಪೃಷ್ಠದ ಕೊನೆಯ ಮೂಳೆಯವರೆಗೆ ಉದ್ದ ತೆಗೆಯಿರಿ. ಎರಡೂ ಸೆಂಟಿಮೀಟರ್‌ನಲ್ಲಿ ಇರಲಿ. ಸುತ್ತಳತೆಯನ್ನು ಅದರಿಂದಲೇ ಗುಣಿಸಿ, ಉದ್ದದಿಂದ ಮತ್ತೆ ಗುಣಿಸಿ, 11,880ರಿಂದ ಭಾಗಿಸಿ. ಬಂದದ್ದು ಕೆಜಿ ಲೆಕ್ಕದ ತೂಕ. ಸುತ್ತಳತೆ 165, ಉದ್ದ 150 ಇದ್ದರೆ ಸುಮಾರು 344 ಕೆಜಿ. ಇದು ಅಂದಾಜು ಮಾತ್ರ. ಆದರೆ ಒಬ್ಬರೇ, ಒಂದೇ ಹೊತ್ತಿನಲ್ಲಿ, ಒಂದೇ ಟೇಪ್‌ನಿಂದ ಅಳೆದರೆ ಏರುತ್ತಿದೆಯೋ ಇಳಿಯುತ್ತಿದೆಯೋ ಅನ್ನುವುದು ಖಂಡಿತ ಗೊತ್ತಾಗುತ್ತದೆ. ಅದಕ್ಕಿಂತ ಹೆಚ್ಚೇನೂ ನಮಗೆ ಬೇಕಿರಲಿಲ್ಲ.

ಕಾಗದಪತ್ರದ ವಿಷಯವನ್ನೂ ಇಲ್ಲೇ ಹೇಳಿಬಿಡುತ್ತೇನೆ. ಕುದುರೆ ಕೈ ಬದಲಾಗುವಾಗ ಒಡೆತನದ ಪತ್ರ ಎಲ್ಲರೂ ಕೇಳುತ್ತಾರೆ. ಅದರ ಜೊತೆ ಇನ್ನೂ ಮೂರು ಕೇಳಿ. ಲಸಿಕೆಯ ದಾಖಲೆ, ಹುಳದ ಔಷಧಿ ಕೊನೆಗೆ ಯಾವಾಗ, ಯಾವುದು ಕೊಟ್ಟರು ಅನ್ನುವುದು, ಮತ್ತು ಈಗ ದಿನಕ್ಕೆ ಏನೇನು ತಿನ್ನುತ್ತಿದೆ ಅನ್ನುವ ಪಟ್ಟಿ. ನಮಗೆ ಮೊದಲನೆಯ ಎರಡು ಸಿಗಲಿಲ್ಲ. ಕೇಳಿದಾಗಲೆಲ್ಲ "ಹುಡುಕಿ ಕಳಿಸುತ್ತೇವೆ" ಎಂಬ ಉತ್ತರ. ದಾಖಲೆ ಇಲ್ಲ ಅಂದರೆ ಲಸಿಕೆ ಆಗಿಲ್ಲ ಅಂತಲೇ ಲೆಕ್ಕ ಅಂದರು ಡಾಕ್ಟರ್. ಧನುರ್ವಾಯುವಿನ ಲಸಿಕೆಯನ್ನು ಮೊದಲಿನಿಂದ ಶುರು ಮಾಡಬೇಕಾಯಿತು. ಮೂರನೆಯದು ಬಾಯಿಮಾತಿನಲ್ಲಿ ಸಿಕ್ಕಿತು: "ಹುಲ್ಲು ಹಾಕ್ತೀವಿ." ಎಷ್ಟು ಅಂದರೆ ಉತ್ತರ ಇಲ್ಲ. ಅವರ ಹುಲ್ಲಿನದೇ ಕೆಲವು ಕಟ್ಟು ಕೇಳಿ ತಂದಿದ್ದು ಒಳ್ಳೆಯದಾಯಿತು. ಹೊಸ ಹುಲ್ಲಿಗೆ ಕುದುರೆಯ ಕರುಳು ನಿಧಾನವಾಗಿ ಹೊಂದಿಕೊಳ್ಳಬೇಕು, ಏಕೆಂದರೆ ನಾರು ಜೀರ್ಣಿಸುವುದು ಅದರ ದೊಡ್ಡ ಕರುಳಿನಲ್ಲಿರುವ ಸೂಕ್ಷ್ಮಜೀವಿಗಳು. ತಿಂಡಿ ಬದಲಾದರೆ ಆ ಜೀವಿಗಳೂ ಬದಲಾಗಬೇಕು. ಅದಕ್ಕೆ ಒಂದೆರಡು ವಾರ ಬೇಕು.

ಈಗ ಮುಖ್ಯ ವಿಷಯ. ಡಾಕ್ಟರ್ ರಕ್ತ ತೆಗೆದುಕೊಂಡು ಹೊರಡುವಾಗ ಹೇಳಿದ ಮಾತು ಕೇಳಿ ನನಗೆ ಕೈಕಾಲು ತಣ್ಣಗಾಯಿತು: "ಇದಕ್ಕೆ ಹೊಟ್ಟೆ ತುಂಬ ಹಾಕಿದರೆ ಸಾಯಬಹುದು." ಬಹಳ ದಿನ ಹಸಿದಿದ್ದ ದೇಹ ತನ್ನದೇ ಕೊಬ್ಬು, ಸ್ನಾಯು ಕರಗಿಸಿ ಬದುಕುತ್ತಿರುತ್ತದೆ. ಒಮ್ಮೆಗೇ ಪಿಷ್ಟ, ಸಕ್ಕರೆ ಒಳಗೆ ಹೋದರೆ ಇನ್ಸುಲಿನ್ ದಿಢೀರನೆ ಏರುತ್ತದೆ. ರಕ್ತದಲ್ಲಿರುವ ಅಷ್ಟಿಷ್ಟು ಫಾಸ್ಫರಸ್, ಪೊಟ್ಯಾಸಿಯಮ್, ಮೆಗ್ನೀಸಿಯಮ್ ಜೀವಕೋಶಗಳ ಒಳಗೆ ಸರಿದುಬಿಡುತ್ತವೆ. ಆಗ ಹೃದಯ, ಉಸಿರಾಟ ಎರಡೂ ಕೈಕೊಡಬಹುದು. ಅದೂ ಮೊದಲ ದಿನವೇ ಆಗಬೇಕೆಂದಿಲ್ಲ, ತಿನ್ನಿಸಲು ಶುರು ಮಾಡಿ 3ರಿಂದ 10 ದಿನಗಳ ಒಳಗೆ, "ಸದ್ಯ ಚೇತರಿಸಿಕೊಂಡಿತು" ಅಂದುಕೊಳ್ಳುವ ಹೊತ್ತಿಗೆ. ಇದಕ್ಕೆ ರೀಫೀಡಿಂಗ್ ಸಿಂಡ್ರೋಮ್ ಅನ್ನುತ್ತಾರೆ. ಎರಡನೇ ಮಹಾಯುದ್ಧ ಮುಗಿದಾಗ ಹಸಿವಿನಿಂದ ಬಿಡುಗಡೆಯಾದ ಕೈದಿಗಳಲ್ಲೂ ಇದನ್ನೇ ಕಂಡಿದ್ದರಂತೆ.

ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಡೇವಿಸ್ ಕ್ಯಾಂಪಸ್‌ನಲ್ಲಿ ಹಸಿದು ಸೊರಗಿದ ಕುದುರೆಗಳ ಮೇಲೆ ಈ ಬಗ್ಗೆ ಅಧ್ಯಯನ ನಡೆದಿದೆ. ಓಟ್ ಹುಲ್ಲು, ಓಟ್ ಹುಲ್ಲಿನ ಜೊತೆ ಮುಸುಕಿನ ಜೋಳದ ಎಣ್ಣೆ, ಮತ್ತು ಲೂಸರ್ನ್ (ಅಲ್ಫಾಲ್ಫಾ ಅಂತಲೂ ಕರೆಯುವ ಮೇವಿನ ಸೊಪ್ಪು) – ಮೂರನ್ನೂ ಹೋಲಿಸಿ ನೋಡಿದಾಗ ಲೂಸರ್ನ್ ಒಳ್ಳೆಯದೆಂದು ಕಂಡುಬಂತು. ಅದರಲ್ಲಿ ಪಿಷ್ಟ ಕಡಿಮೆ, ಒಳ್ಳೆಯ ಪ್ರೋಟೀನ್ ಇದೆ, ರಕ್ತದಲ್ಲಿ ಕುಸಿಯುವ ಫಾಸ್ಫರಸ್, ಮೆಗ್ನೀಸಿಯಮ್ ಇದೆ. ಅಲ್ಲಿಂದ ಬಂದ ಕ್ರಮವನ್ನೇ ಡಾಕ್ಟರ್ ನಮಗೆ ಬರೆದುಕೊಟ್ಟರು. ಮೊದಲ ಮೂರು ದಿನ, ನಾಲ್ಕು ಗಂಟೆಗೊಮ್ಮೆ, ಎಲೆ ಜಾಸ್ತಿ ಇರುವ ಒಣ ಲೂಸರ್ನ್ ಅರ್ಧ ಕೆಜಿಯಷ್ಟು. ಹತ್ತನೇ ದಿನದವರೆಗೆ ಪ್ರಮಾಣ ನಿಧಾನವಾಗಿ ಏರಿಸುತ್ತಾ, ಎಷ್ಟು ಸಲ ಅನ್ನುವುದನ್ನು ಇಳಿಸುತ್ತಾ, ಎಂಟು ಗಂಟೆಗೊಮ್ಮೆ. ಆಮೇಲೆ ತಿನ್ನುವಷ್ಟು ಹುಲ್ಲು. ಕಾಳು, ಬೂಸಾ, ಬೆಲ್ಲದ ನೀರು, ಎಣ್ಣೆ ಯಾವುದೂ ಇಲ್ಲ. ನೀರು ಸದಾ ಇರಬೇಕು. ಉಪ್ಪಿನ ಗಟ್ಟಿಯನ್ನೂ ಆಗ ಇಡಬಾರದು ಅಂದರು, ಸ್ವಲ್ಪ ಸುಧಾರಿಸಿದ ಮೇಲೆ ಇಡಲು ಹೇಳಿದರು. ನಿಮ್ಮ ಕುದುರೆಯ ಅಳತೆ ಬೇರೆ ಇರುತ್ತದೆ, ಇದನ್ನು ನೋಡಿ ನೀವೇ ಶುರು ಮಾಡಬೇಡಿ. 1 ಅಥವಾ 2 ಅಂಕದ ಕುದುರೆಗೆ ಡಾಕ್ಟರ್ ಇಲ್ಲದೆ ಕೈ ಹಾಕಲೇಬೇಡಿ.

ನಾಲ್ಕು ಗಂಟೆಗೊಮ್ಮೆ ಅಂದರೆ ರಾತ್ರಿಯೂ. ಮನೆಯವರೆಲ್ಲ ಸರದಿ ಹಾಕಿಕೊಂಡೆವು. ಮಧ್ಯರಾತ್ರಿ ಹುಲ್ಲು ತೂಗಿ ಹಾಕಿದರೆ ಕೆಲವೇ ನಿಮಿಷಗಳಲ್ಲಿ ಖಾಲಿ. ನಂತರ ಚುಕ್ಕಿ ಬಾಗಿಲಿಗೆ ಬಂದು ನಿಂತು ಮೂತಿಯಿಂದ ಬಕೆಟ್ ತಳ್ಳುತ್ತಿತ್ತು. ನೋಡಲು ಬಂದವರು ಒಬ್ಬೊಬ್ಬರೂ ಒಂದೊಂದು ಹೇಳಿದರು. "ಇಷ್ಟೇನಾ ಹಾಕೋದು?" "ಪಾಪ, ಒಂದು ಬಕೆಟ್ ಕಾಳು ಬೇಯಿಸಿ ಹಾಕಿ." ಒಬ್ಬರಂತೂ ನಾವೇ ಹಸಿವಿನಲ್ಲಿ ಇಟ್ಟಿದ್ದೇವೆ ಅನ್ನುವ ಹಾಗೆ ನೋಡಿದರು. ಕೊನೆಗೆ ಡಾಕ್ಟರ್ ಬರೆದ ಚೀಟಿಯನ್ನು ಲಾಯದ ಬಾಗಿಲಿಗೆ ಅಂಟಿಸಿದೆ. ಮಾತಾಡುವ ಬದಲು ಅದನ್ನು ತೋರಿಸಿದೆ. ನೀವೂ ಹಾಗೇ ಮಾಡಿ. ಕೆಲಸಕ್ಕೆ ಬರುವವರು, ಅಕ್ಕಪಕ್ಕದ ಮಕ್ಕಳು ಪ್ರೀತಿಯಿಂದ ಏನಾದರೂ ತಿನ್ನಿಸಿಬಿಡುವುದೂ ತಪ್ಪುತ್ತದೆ.

ಆ ದಿನಗಳಲ್ಲಿ ಬೆಳಿಗ್ಗೆ ಸಂಜೆ ನೋಡಿ ಬರೆದಿಡುತ್ತಿದ್ದುದು ಇಷ್ಟು: ವಿಶ್ರಾಂತಿಯಲ್ಲಿರುವಾಗ ನಾಡಿ (28ರಿಂದ 44 ಇರಬೇಕು), ಜ್ವರ (38.5 ಡಿಗ್ರಿ ಸೆಲ್ಸಿಯಸ್ ದಾಟಬಾರದು), ಒಸಡಿನ ಬಣ್ಣ, ಕಾಲಲ್ಲಿ ಊತ, ಎಷ್ಟು ಸಲ ಲದ್ದಿ ಹಾಕಿತು, ಹೇಗಿತ್ತು. ಒಸಡನ್ನು ಬೆರಳಿನಿಂದ ಒತ್ತಿ ಬಿಟ್ಟರೆ ಎರಡು ಸೆಕೆಂಡ್ ಒಳಗೆ ಗುಲಾಬಿ ಬಣ್ಣ ವಾಪಸ್ ಬರಬೇಕು. ಹೊಟ್ಟೆ ಕಡೆ ತಿರುಗಿ ತಿರುಗಿ ನೋಡುವುದು, ಕಾಲಿನಿಂದ ನೆಲ ಕೆರೆಯುವುದು, ಮಲಗಿ ಹೊರಳುವುದು ಕಂಡರೆ ಹೊಟ್ಟೆಶೂಲೆ ಇರಬಹುದು, ತಕ್ಷಣ ಫೋನ್ ಮಾಡಬೇಕು. ಕುದುರೆಗೆ ವಾಂತಿ ಮಾಡಲು ಆಗುವುದಿಲ್ಲ. ಒಳಗೆ ಹೋದದ್ದು ಮುಂದಕ್ಕೇ ಹೋಗಬೇಕು.

ರಕ್ತದ ವರದಿಗೆ ಕಾಯುವುದು ಇನ್ನೊಂದು ಸಂಕಟ. ಲಿವರ್, ಕಿಡ್ನಿ ಹಾಳಾಗಿದ್ದರೆ ಎಷ್ಟು ತಿನ್ನಿಸಿದರೂ ಮೈ ಹತ್ತುವುದಿಲ್ಲ. ಮಾದರಿ ಕಳಿಸುವಾಗ ಏನೋ ಹೆಸರು ಅದಲುಬದಲಾಗಿ ಮೊದಲ ವರದಿ ಬೇರೆ ಯಾವುದೋ ಪ್ರಾಣಿಯದು ಬಂತು. ಮತ್ತೆ ರಕ್ತ, ಮತ್ತೆ ಕಾಯುವುದು, ಮತ್ತೆ ಖರ್ಚು. ವರದಿ ಕೈಗೆ ಬಂದ ಕೂಡಲೇ ಪ್ರಾಣಿಯ ಹೆಸರು, ವಯಸ್ಸು, ಗಂಡೋ ಹೆಣ್ಣೋ ಅನ್ನುವುದನ್ನು ಮೊದಲು ಓದಿ, ಅಂಕಿಗಳನ್ನು ಆಮೇಲೆ ನೋಡಿ. ಅಂತೂ ಸರಿಯಾದದ್ದು ಬಂದಾಗ ಒಳಗಿನ ಅಂಗಗಳು ಚೆನ್ನಾಗಿವೆ ಅಂತ ಗೊತ್ತಾಯಿತು. ಪ್ರೋಟೀನ್ ಕಡಿಮೆ ಇತ್ತು, ಅದು ನಿರೀಕ್ಷಿಸಿದ್ದೇ.

ಹಲ್ಲಿನ ಸಮಸ್ಯೆ ನಮ್ಮ ಕಣ್ಣಿಗೆ ಬಿದ್ದಿದ್ದು ಲಾಯ ಗುಡಿಸುವಾಗ. ನೆಲದ ಮೇಲೆ ಅಲ್ಲಲ್ಲಿ ಹಸಿರು ಉಂಡೆಗಳು. ಹೆಬ್ಬೆರಳ ಗಾತ್ರ, ಒದ್ದೆ, ಬಿಡಿಸಿದರೆ ಒಳಗೆ ಅರೆಬರೆ ಅಗಿದ ಹುಲ್ಲಿನ ಎಳೆಗಳು. ಚುಕ್ಕಿ ಹುಲ್ಲನ್ನು ಬಾಯಿಗೆ ತೆಗೆದುಕೊಂಡು, ತಲೆ ಒಂದು ಕಡೆ ವಾಲಿಸಿ ಅಗಿದು, ಸುತ್ತಿ ಸುತ್ತಿ ಉಂಡೆ ಮಾಡಿ ಉಗುಳುತ್ತಿತ್ತು. ಲದ್ದಿಯಲ್ಲೂ ಬೆರಳುದ್ದದ ಹುಲ್ಲಿನ ಕಡ್ಡಿಗಳು ಹಾಗೇ ಬರುತ್ತಿದ್ದವು. ಅಂದರೆ ಹಾಕಿದ ಹುಲ್ಲಿನಲ್ಲಿ ಅರ್ಧ ನೆಲಕ್ಕೆ, ಉಳಿದದ್ದರಲ್ಲಿ ಅರ್ಧ ಅಗಿಯದೇ ಹೊರಕ್ಕೆ.

ಕುದುರೆಯ ಹಲ್ಲು ಜೀವನವಿಡೀ ಒಸಡಿನಿಂದ ಮೇಲೆ ಬರುತ್ತಲೇ ಇರುತ್ತದೆ, ವರ್ಷಕ್ಕೆ ಎರಡು ಮೂರು ಮಿಲಿಮೀಟರ್. ಅಗಿಯುವಾಗ ಸವೆಯುತ್ತದೆ. ಆದರೆ ಮೇಲಿನ ದವಡೆ ಕೆಳಗಿನದಕ್ಕಿಂತ ಅಗಲ ಇರುವುದರಿಂದ ಎಲ್ಲ ಕಡೆ ಸಮ ಸವೆಯುವುದಿಲ್ಲ. ಮೇಲಿನ ಹಲ್ಲಿನ ಹೊರ ಅಂಚು ಚೂಪಾಗಿ ಕೆನ್ನೆಗೆ ಚುಚ್ಚುತ್ತದೆ, ಕೆಳಗಿನದರ ಒಳ ಅಂಚು ನಾಲಿಗೆಗೆ. ಚುಕ್ಕಿಯ ಕೆನ್ನೆಯ ಒಳಗೆ ಹುಣ್ಣುಗಳಿದ್ದವು. ಹಲ್ಲಿನ ಚೂಪನ್ನು ಅರದಿಂದ ಉಜ್ಜಿ ಸಮ ಮಾಡುವ ಡಾಕ್ಟರ್ ಬೇರೆ, ಅವರ ದಿನಾಂಕ ಸಿಗಲು ವಾರಗಟ್ಟಲೆ ಕಾಯಬೇಕಾಯಿತು. ನಿದ್ರೆಯ ಇಂಜೆಕ್ಷನ್ ಕೊಟ್ಟೇ ಮಾಡಬೇಕು. ಸೊರಗಿದ ದೇಹಕ್ಕೆ ಅದು ಅಪಾಯ ಅಲ್ವಾ ಅಂತ ಕೇಳಿದೆ. ಹೌದು, ಅದಕ್ಕೇ ಮೊದಲ ಹಂತ ದಾಟಿ ಸ್ವಲ್ಪ ಗಟ್ಟಿಯಾಗಲಿ ಅಂದರು. ಒಪ್ಪಿಗೆ ಪತ್ರಕ್ಕೆ ಸಹಿ ಹಾಕುವಾಗ ಕೈ ನಡುಗಿದ್ದು ಸುಳ್ಳಲ್ಲ. ಎಲ್ಲ ಚೂಪನ್ನೂ ಒಂದೇ ಸಲ ತೆಗೆಯಲಿಲ್ಲ. ನೋವು ಮಾಡುತ್ತಿದ್ದುದನ್ನು ತೆಗೆದು, ಉಳಿದದ್ದಕ್ಕೆ ಕೆಲವು ತಿಂಗಳ ನಂತರ ಬರಲು ಹೇಳಿದರು.

ಅಲ್ಲಿಯವರೆಗೂ ಅದು ತಿನ್ನಬೇಕಲ್ಲ. ಲೂಸರ್ನ್ ಗುಳಿಗೆಗಳನ್ನು ನೀರಲ್ಲಿ ನೆನೆಸಿ ಗಂಜಿಯ ಹದಕ್ಕೆ ತಂದು ಕೊಟ್ಟೆವು. ಒಣಗಿದ ಗುಳಿಗೆಯನ್ನು ಆತುರದ ಕುದುರೆಗೆ ಕೊಟ್ಟರೆ ಅನ್ನನಾಳದಲ್ಲಿ ಸಿಕ್ಕಿಕೊಳ್ಳಬಹುದು. ಆಗ ಮೂಗಿನಿಂದ ತಿಂಡಿ ಕಲೆತ ನೀರು ಸುರಿಯುತ್ತದೆ. ಒಂದು ಸಲ ನೋಡಿದವರು ಮರೆಯುವುದಿಲ್ಲ. ನೆನೆಸುವುದಕ್ಕೆ ಸೋಮಾರಿತನ ಬೇಡ. ಸೆಕೆಗಾಲದಲ್ಲಿ ನೆನೆಸಿದ್ದು ಬೇಗ ಹುಳಿಯಾಗುತ್ತದೆ, ಉಳಿದದ್ದನ್ನು ಎಸೆದುಬಿಡಿ.

ಹುಳದ ಬಗ್ಗೆ ಎಲ್ಲರ ಸಲಹೆ ಒಂದೇ: "ಬಂದ ದಿನವೇ ಔಷಧಿ ಹಾಕಿ." ಡಾಕ್ಟರ್ ಬೇಡ ಅಂದರು. ಮೊದಲು ಲದ್ದಿಯಲ್ಲಿ ಮೊಟ್ಟೆ ಎಣಿಸಬೇಕು. ಬೆಚ್ಚಗಿನ ತಾಜಾ ಲದ್ದಿಯನ್ನು ಪ್ಲಾಸ್ಟಿಕ್ ಚೀಲಕ್ಕೆ ಹಾಕಿ, ಗಾಳಿ ಹಿಂಡಿ ತೆಗೆದು, ತಣ್ಣಗೆ ಇಟ್ಟು ಕಳಿಸಬೇಕು. ಗ್ರಾಂಗೆ 200ಕ್ಕಿಂತ ಕಡಿಮೆ ಮೊಟ್ಟೆ ಇದ್ದರೆ ಕಡಿಮೆ ಅಂತ, 500 ದಾಟಿದರೆ ಜಾಸ್ತಿ ಅಂತ ಲೆಕ್ಕ. ಚುಕ್ಕಿಯದು 500 ದಾಟಿತ್ತು. ಆದರೂ ಈ ಎಣಿಕೆ ಪೂರ್ತಿ ಕತೆ ಹೇಳುವುದಿಲ್ಲ. ಸಣ್ಣ ಸ್ಟ್ರಾಂಗೈಲ್ ಹುಳಗಳ ಮರಿಗಳು ಕರುಳಿನ ಗೋಡೆಯಲ್ಲಿ ಗೂಡು ಕಟ್ಟಿಕೊಂಡು ತಿಂಗಳುಗಟ್ಟಲೆ ಮಲಗಿರುತ್ತವೆ, ಅವು ಮೊಟ್ಟೆ ಇಡುವುದಿಲ್ಲ, ಎಣಿಕೆಗೆ ಸಿಗುವುದಿಲ್ಲ. ಎಲ್ಲ ಒಟ್ಟಿಗೆ ಹೊರಬಿದ್ದರೆ ಕರುಳು ಹಾಳಾಗಿ ಭೇದಿ ಹತ್ತುತ್ತದೆ. ಅವುಗಳ ಮೇಲೆ ಕೆಲಸ ಮಾಡುವ ಮಾಕ್ಸಿಡೆಕ್ಟಿನ್ ಔಷಧಿ ದೇಹದ ಕೊಬ್ಬಿನಲ್ಲಿ ಸೇರಿಕೊಳ್ಳುವಂಥದ್ದು. ಕೊಬ್ಬೇ ಇಲ್ಲದ ಕುದುರೆಗೆ ಅದು ವಿಷವಾಗಬಹುದು. ಹಾಗಾಗಿ ಮೊದಲು ಐವರ್‌ಮೆಕ್ಟಿನ್, ಮೈ ಸ್ವಲ್ಪ ಬಂದ ಮೇಲೆ ಡಾಕ್ಟರ ಕಣ್ಣೆದುರಿಗೇ ಮಾಕ್ಸಿಡೆಕ್ಟಿನ್. ಪ್ರಮಾಣ ಈಗಿನ ತೂಕಕ್ಕೆ, ಮುಂದೆ ಆಗಬೇಕಾದ ತೂಕಕ್ಕಲ್ಲ. ಟೇಪ್ ಅಳತೆ ಇಲ್ಲೂ ಉಪಯೋಗಕ್ಕೆ ಬಂತು. ಎರಡು ವಾರ ಕಳೆದು ಮತ್ತೆ ಲದ್ದಿ ಪರೀಕ್ಷೆ ಮಾಡಿಸಿ. ಔಷಧಿಗೆ ಬಗ್ಗದ ಹುಳಗಳು ಈಗ ಎಲ್ಲೆಡೆ ಇವೆ.

ಇಷ್ಟೆಲ್ಲ ಆದ ಮೇಲೆ "ತಿನ್ನಿಸುವ" ಕೆಲಸ ಶುರುವಾಗಿದ್ದು.

ಹುಲ್ಲಿನ ಖರ್ಚೇ ಎಲ್ಲಕ್ಕಿಂತ ಜಾಸ್ತಿ. ಡಾಕ್ಟರ್, ಹಲ್ಲು, ಲ್ಯಾಬ್ ಇವೆಲ್ಲ ಒಮ್ಮೆ ಕೊಟ್ಟು ಮುಗಿಯುತ್ತವೆ, ಹುಲ್ಲು ಮುಗಿಯುವುದಿಲ್ಲ. ಯಾವ ಕುದುರೆಗೂ ದಿನಕ್ಕೆ ದೇಹತೂಕದ 1.5%ಕ್ಕಿಂತ ಕಡಿಮೆ ಮೇವು ಕೊಡಬಾರದು. ಮೈ ಹತ್ತಬೇಕಾದ ಕುದುರೆಗೆ 2ರಿಂದ 2.5%. 400 ಕೆಜಿ ಆಗಬೇಕಾದ ಕುದುರೆಗೆ ದಿನಕ್ಕೆ 8ರಿಂದ 10 ಕೆಜಿ ಒಣ ಹುಲ್ಲು. ಇದನ್ನು ಕಣ್ಣಂದಾಜಿನಲ್ಲಿ ಮಾಡಲು ಆಗುವುದಿಲ್ಲ. ಕೊಂಡಿ ತಕ್ಕಡಿಯೊಂದನ್ನು ಲಾಯದ ತೊಲೆಗೆ ನೇತುಹಾಕಿ. ಒಂದೇ ಗಾತ್ರದ ಎರಡು ಕಟ್ಟುಗಳ ತೂಕದಲ್ಲಿ ಎಷ್ಟು ವ್ಯತ್ಯಾಸ ಇರುತ್ತದೆ ಅಂತ ಆಗ ಗೊತ್ತಾಗುತ್ತದೆ. ಹೂ ಬಿಡುವ ಮೊದಲೇ ಕೊಯ್ದ, ಎಲೆ ಜಾಸ್ತಿ ಇರುವ, ಮೃದುವಾದ ಹುಲ್ಲು ಹುಡುಕಿ. ಬಲಿತು ಕಡ್ಡಿಯಾದದ್ದು ಹೊಟ್ಟೆ ತುಂಬಿಸುತ್ತದೆ, ಮೈ ತುಂಬಿಸುವುದಿಲ್ಲ. ಕಟ್ಟಿನ ಮಧ್ಯಕ್ಕೆ ಕೈ ತೂರಿಸಿ, ಮೂಸಿ ನೋಡಿ. ಬಿಸಿ ಇದ್ದರೆ, ಧೂಳು ಹಾರಿದರೆ, ಬೂಷ್ಟಿನ ವಾಸನೆ ಬಂದರೆ ಎಷ್ಟು ಅಗ್ಗವಾದರೂ ಬೇಡ.

ನಾವು ಸಾಮಾನ್ಯ ಹುಲ್ಲು ಸದಾ ಮುಂದೆ ಇರುವಂತೆ ನೋಡಿಕೊಂಡು, ದಿನದ ಮೇವಿನಲ್ಲಿ ಮೂರನೇ ಒಂದು ಪಾಲಿನಷ್ಟು ಲೂಸರ್ನ್ ಕೊಟ್ಟೆವು. ಕುದುರೆಯ ಜಠರ ಚಿಕ್ಕದು, 8ರಿಂದ 15 ಲೀಟರ್ ಅಷ್ಟೇ. ಆಮ್ಲ ಮಾತ್ರ ದಿನವಿಡೀ ಸುರಿಯುತ್ತಲೇ ಇರುತ್ತದೆ. ಗಂಟೆಗಟ್ಟಲೆ ಖಾಲಿ ಬಿಟ್ಟರೆ ಹುಣ್ಣಾಗುತ್ತದೆ. ಹುಣ್ಣಾದ ಕುದುರೆ ತಿನ್ನುವುದನ್ನು ಅರ್ಧಕ್ಕೆ ಬಿಡುತ್ತದೆ.

ಕಾಳಿಗೆ ಅವಸರ ಬೇಡ ಅಂದದ್ದಕ್ಕೆ ಕಾರಣ ಇದೆ. ಸಣ್ಣ ಕರುಳು ಒಂದು ಹೊತ್ತಿಗೆ ಇಷ್ಟೇ ಪಿಷ್ಟ ಜೀರ್ಣಿಸಬಲ್ಲದು. ಮಿಕ್ಕಿದ್ದು ದೊಡ್ಡ ಕರುಳಿಗೆ ಜಾರಿ ಅಲ್ಲಿ ಹುಳಿಯೆದ್ದು, ಹೊಟ್ಟೆಶೂಲೆಗೋ ಗೊರಸಿನ ಉರಿಯೂತಕ್ಕೋ ದಾರಿ ಮಾಡುತ್ತದೆ. ಒಂದು ಹೊತ್ತಿಗೆ ದೇಹತೂಕದ ಕೆಜಿಗೆ ಒಂದು ಗ್ರಾಂ ಪಿಷ್ಟ ದಾಟದಿರಲಿ ಅಂತ ನಮ್ಮ ಡಾಕ್ಟರ್ ಲೆಕ್ಕ ಕೊಟ್ಟರು. ಓಟ್ಸ್‌ನಲ್ಲಿ ಸುಮಾರು 40% ಪಿಷ್ಟ, ಮುಸುಕಿನ ಜೋಳದಲ್ಲಿ 65ರಿಂದ 70%. ಅಂದರೆ 350 ಕೆಜಿ ಕುದುರೆಗೆ ಒಂದು ಹೊತ್ತಿಗೆ ಮುಕ್ಕಾಲು ಕೆಜಿ ಓಟ್ಸ್‌ಗಿಂತ ಸ್ವಲ್ಪ ಜಾಸ್ತಿ, ಜೋಳವಾದರೆ ಅರ್ಧ ಕೆಜಿ. "ಒಂದು ಬಕೆಟ್ ಕಾಳು" ಎಲ್ಲಿಗೆ ಮುಟ್ಟುತ್ತದೆ ನೋಡಿ.

ಅದಕ್ಕೆ ನಾವು ಹೋದ ದಾರಿ ನಾರು ಮತ್ತು ಎಣ್ಣೆ. ಬೀಟ್ ಪಲ್ಪ್, ಅಂದರೆ ಸಕ್ಕರೆ ತೆಗೆದ ಮೇಲೆ ಉಳಿಯುವ ಬೀಟ್ ತಿರುಳು. ಅದು ನಾರೇ, ಆದರೆ ಸುಲಭವಾಗಿ ಜೀರ್ಣವಾಗುವ ನಾರು. ಬೆಲ್ಲದ ಪಾಕ ಬೆರೆಸದ್ದನ್ನು ಕೇಳಿ ತನ್ನಿ, ಚೆನ್ನಾಗಿ ನೆನೆಸಿ. ಅದರ ಜೊತೆ ಪಿಷ್ಟ ಕಡಿಮೆ ಇರುವ ವಯಸ್ಸಾದ ಕುದುರೆಗಳ ಫೀಡ್, ದಿನಕ್ಕೆ ಮೂರು ಸಣ್ಣ ಪಾಲು. ಎಣ್ಣೆಯನ್ನು ಎರಡು ಚಮಚದಿಂದ ಶುರು ಮಾಡಿ ಎರಡು ಮೂರು ವಾರದಲ್ಲಿ ಅರ್ಧ ಕಪ್‌ಗೆ, ಆಮೇಲೆ ಒಂದು ಕಪ್‌ಗೆ ಏರಿಸಿದೆವು. 240 ಮಿಲಿಲೀಟರ್ ಎಣ್ಣೆಯಲ್ಲಿ ಸುಮಾರು 2,000 ಕಿಲೋಕ್ಯಾಲರಿ ಇರುತ್ತದೆ. ಅಷ್ಟು ಎಣ್ಣೆ ಕೊಡುವಾಗ ವಿಟಮಿನ್ ಇ ಕೂಡ ಕೊಡಬೇಕು. ಒಮ್ಮೆಗೇ ಸುರಿದರೆ ಲದ್ದಿ ಸಡಿಲವಾಗಿ ಜಿಡ್ಡಾಗುತ್ತದೆ. ತವುಡನ್ನೇ ನೆಚ್ಚಿಕೊಳ್ಳಬೇಡಿ, ಅದರಲ್ಲಿ ಫಾಸ್ಫರಸ್ ಜಾಸ್ತಿ, ಕ್ಯಾಲ್ಸಿಯಂ ಕಡಿಮೆ. ದಿನಗಟ್ಟಲೆ ಅದನ್ನೇ ಕೊಟ್ಟರೆ ಮೂಳೆಗೆ ಏಟು.

ಚುಕ್ಕಿಗೆ ಎಣ್ಣೆ ಅಂದರೆ ಆಗದು. ಎಣ್ಣೆ ಬೆರೆಸಿದ್ದು ಗೊತ್ತಾದ ಕೂಡಲೇ ಮೇಲ್ತುಟಿಯನ್ನು ಎತ್ತಿ ಮೂಗಿಗೆ ಮಡಚಿ, ನಮ್ಮನ್ನೇ ನೋಡುತ್ತಿತ್ತು. ಒಂದು ಬ್ರ್ಯಾಂಡ್ ಬಿಟ್ಟು ಇನ್ನೊಂದು, ಒಂದು ಎಣ್ಣೆ ಬಿಟ್ಟು ಇನ್ನೊಂದು. ಕೊನೆಗೆ ಪುಡಿ ಮಾಡಿದ ಅಗಸೆಯನ್ನು ಫೀಡ್‌ಗೆ ಬೆರೆಸಿ, ಅದರ ವಾಸನೆಯ ಮರೆಯಲ್ಲಿ ಎಣ್ಣೆ ಸೇರಿಸಿದಾಗ ಒಪ್ಪಿಕೊಂಡಿತು. ವಿಟಮಿನ್ ಪುಡಿಯದೂ ಇದೇ ಪಾಡು. ತುಟಿಯಿಂದ ಗುಳಿಗೆಗಳನ್ನು ಒಂದೊಂದಾಗಿ ಆರಿಸಿ ತಿಂದು ಪುಡಿಯನ್ನು ಬಕೆಟ್ ತಳದಲ್ಲಿ ಚೊಕ್ಕವಾಗಿ ಬಿಡುತ್ತಿತ್ತು. ಫೀಡ್ ಒದ್ದೆ ಮಾಡಿ ಕಲಸಿದರೆ ಮಾತ್ರ ಆ ಆಟ ನಡೆಯುವುದಿಲ್ಲ. "ಹದಿನೈದೇ ದಿನದಲ್ಲಿ ಮೈ ತುಂಬುತ್ತದೆ" ಅನ್ನುವ ಡಬ್ಬಿಗಳನ್ನೂ ಹಲವರು ತೋರಿಸಿದರು. ಡಬ್ಬಿ ತಿರುಗಿಸಿ ಓದಿ, ದಿನಕ್ಕೆ ಒಂದು ಸಣ್ಣ ಚಮಚ ಅಂತಿರುತ್ತದೆ. ಒಂದು ಚಮಚದಲ್ಲಿ ಎಷ್ಟು ಕ್ಯಾಲರಿ ಹಿಡಿಸಲು ಸಾಧ್ಯ?

ಎಲ್ಲ ಸರಿಹೋಯಿತು ಅನ್ನುವಾಗ ಟೇಪ್ ನಿಂತುಬಿಟ್ಟಿತು. ಮೊದಲ ತಿಂಗಳುಗಳಲ್ಲಿ ಚೆನ್ನಾಗಿ ಏರುತ್ತಿದ್ದ ಅಳತೆ ವಾರಗಟ್ಟಲೆ ಅಲ್ಲೇ. ಮತ್ತೆ ಹುಳವೇ? ಹಲ್ಲೇ? ಹುಣ್ಣೇ? ವಯಸ್ಸಾದ ಕುದುರೆಗಳಲ್ಲಿ ಬರುವ ಕುಶಿಂಗ್ ಕಾಯಿಲೆಯೇ? ಡಾಕ್ಟರ್ ಒಂದೊಂದಾಗಿ ನೋಡಿದರು. ಏನೂ ಇಲ್ಲ. ಕಾರಣ ಗೊತ್ತಾಗಿದ್ದು ಒಂದು ದಿನ ಬೇಲಿಯ ಹೊರಗೆ ಸುಮ್ನೆ ಕೂತು ನೋಡಿದಾಗ. ಚುಕ್ಕಿಯನ್ನು ಹಗಲು ಇನ್ನೊಂದು ಗಂಡು ಕುದುರೆಯ ಜೊತೆ ಬಯಲಿಗೆ ಬಿಡುತ್ತಿದ್ದೆವು. ಅವನು ಒದೆಯುವುದಿಲ್ಲ, ಕಚ್ಚುವುದಿಲ್ಲ. ಬರೀ ಕಿವಿ ಹಿಂದಕ್ಕೆ ಮಡಚುತ್ತಾನೆ, ಚುಕ್ಕಿ ಹುಲ್ಲು ಬಿಟ್ಟು ದೂರ ಹೋಗುತ್ತದೆ. ನಾವು ತೂಗಿ ತೂಗಿ ಹಾಕಿದ ಲೂಸರ್ನ್ ತಿಂದು ಅವನು ದುಂಡಗಾಗಿದ್ದ! ಎರಡು ಕುದುರೆಗೆ ಮೂರು ಗುಡ್ಡೆ, ದೂರ ದೂರ ಹಾಕುವುದು, ಲೂಸರ್ನ್ ಮತ್ತು ಫೀಡ್ ಮಾತ್ರ ಲಾಯದೊಳಗೆ ಒಂಟಿಯಾಗಿ ಕೊಡುವುದು – ಇಷ್ಟು ಬದಲಿಸಿದ ಮೇಲೆ ಟೇಪ್ ಮತ್ತೆ ಸರಿಯಿತು. ಪೂರ್ತಿ ಒಂಟಿ ಮಾಡಬೇಡಿ, ಜೊತೆ ಇಲ್ಲದ ಕುದುರೆ ಬೇಲಿಗುಂಟ ಅಡ್ಡಾಡಿ ತಿಂದದ್ದನ್ನು ಕರಗಿಸಿಬಿಡುತ್ತದೆ.

ಮಳೆ, ಗಾಳಿ ಒಟ್ಟಿಗೆ ಬಂದ ವಾರಗಳಲ್ಲಿ ಹೊದಿಕೆ ಹಾಕಿದೆವು. ಕೊಬ್ಬಿಲ್ಲದ ಮೈ ಬೆಚ್ಚಗಿರಲು ತುಂಬ ಶಕ್ತಿ ಕಳೆಯುತ್ತದೆ. ಆದರೆ ಹೊದಿಕೆ ದಿನವೂ ತೆಗೆದು ಕೈ ಆಡಿಸಿ. ಒಳಗೆ ಮೈ ಇಳಿದದ್ದು ಹೊರಗೆ ತಿಳಿಯುವುದಿಲ್ಲ.

ಎಷ್ಟು ದಿನ ಬೇಕು ಅಂತ ಎಲ್ಲರೂ ಕೇಳುತ್ತಾರೆ. ತಿಂಗಳುಗಳು. 500 ಕೆಜಿಯ ಕುದುರೆಯಲ್ಲಿ ಒಂದು ಅಂಕ ಮೇಲೆ ಬರಲು ಸುಮಾರು 16ರಿಂದ 20 ಕೆಜಿ ಸೇರಬೇಕು. ತೀರಾ ಸೊರಗಿದ್ದು ಪೂರ್ತಿ ಸುಧಾರಿಸಲು ಆರು ತಿಂಗಳಿಂದ ಹತ್ತು ತಿಂಗಳು ಹಿಡಿಯುವುದು ಮಾಮೂಲು. ದಿನವೂ ನೋಡುವವರಿಗೆ ಬದಲಾವಣೆ ಕಾಣುವುದೇ ಇಲ್ಲ. ಎರಡು ವಾರಕ್ಕೊಮ್ಮೆ ಒಂದೇ ಜಾಗದಲ್ಲಿ, ಒಂದೇ ಬದಿಯಿಂದ ಫೋಟೊ ತೆಗೆದಿಡಿ. ಬೇಜಾರಾದಾಗ ಮೊದಲನೆಯದನ್ನು ತೆಗೆದು ನೋಡಿ. ಕೊಬ್ಬು ಮೊದಲು ಬರುತ್ತದೆ, ಸ್ನಾಯು ತಡವಾಗಿ. ಪಕ್ಕೆ ಮುಚ್ಚಿದರೂ ಬೆನ್ನು ಹಲಗೆಯ ಅಂಚಿನಂತೆ ಚೂಪಾಗಿಯೇ ಇತ್ತು. ಅದಕ್ಕೆ ಒಳ್ಳೆಯ ಪ್ರೋಟೀನ್ ಬೇಕು, ಮುಖ್ಯವಾಗಿ ಪ್ರೋಟೀನ್‌ನ ಒಂದು ಅಂಶವಾದ ಲೈಸಿನ್, ಜೊತೆಗೆ ನಡಿಗೆ ಬೇಕು. ಮೊದಲು ಹಗ್ಗ ಹಿಡಿದು ಸಮತಟ್ಟಿನಲ್ಲಿ, ಆಮೇಲೆ ಏರು ದಾರಿಯಲ್ಲಿ ನಡೆಸಿದೆವು. ಸವಾರಿ ಬಹಳ ತಡವಾಗಿ, ಅದೂ ಹಳೆಯ ಜೀನು ಬಿಟ್ಟು ಹೊಸ ಅಳತೆಯದು ತಂದ ಮೇಲೆ. ಮೈ ಬದಲಾದರೆ ಜೀನೂ ಬದಲಾಗಬೇಕು, ಈ ಖರ್ಚನ್ನು ಮೊದಲೇ ಲೆಕ್ಕಕ್ಕೆ ಹಿಡಿಯಿರಿ.

ಇನ್ನೊಂದು, ಯಾರೂ ನಮಗೆ ಹೇಳಿರದ ವಿಷಯ. ಸಾಧು ಅಂದುಕೊಂಡು ತಂದ ಚುಕ್ಕಿ ಮೈಯಲ್ಲಿ ಶಕ್ತಿ ಬಂದ ಕೂಡಲೇ ಬೇರೆಯೇ ಕುದುರೆ. ಗೊರಸು ಎತ್ತಿಸಲು ಬಿಡದು, ಹಗ್ಗ ಎಳೆದುಕೊಂಡು ಓಡುತ್ತದೆ, ಹಿಂಗಾಲು ಝಾಡಿಸುತ್ತದೆ. ಸೊರಗಿದ ಕುದುರೆಯ ಸ್ವಭಾವ ನೋಡಿ ಮಕ್ಕಳಿಗೆ ಅಂತ ಕೊಳ್ಳುವವರು ಇದನ್ನು ನೆನಪಿಡಿ. ನಮಗೆ ತರಬೇತಿ ಕೊಡುವವರನ್ನು ಕರೆಸಬೇಕಾಯಿತು.

ಗೊರಸು ನೋಡಿದರೆ ಈಗಲೂ ಎಲ್ಲ ಗೊತ್ತಾಗುತ್ತದೆ. ಗೋಡೆಯ ನಡುವೆ ಅಡ್ಡಕ್ಕೆ ಒಂದು ಉಬ್ಬು ಗೆರೆ ಇದೆ. ಅದರ ಕೆಳಗೆ ಒರಟು, ಬಿರುಕು. ಮೇಲೆ ನುಣುಪು. ತಿಂಗಳಿಗೆ 6ರಿಂದ 10 ಮಿಲಿಮೀಟರ್ ಬೆಳೆಯುವ ಗೊರಸಿನಲ್ಲಿ ಆ ಗೆರೆ ಕೆಳಗಿಳಿದು ಕತ್ತರಿಸಿ ಹೋಗಲು ಇನ್ನೂ ಸಮಯ ಇದೆ.

ಕಳೆದ ಸಲ ಡಾಕ್ಟರ್ ಬಂದು 5 ಕೊಟ್ಟು, ಇಲ್ಲಿಗೆ ಸಾಕು ಅಂದರು. ಇದೇ ಪ್ರಮಾಣ ಮುಂದುವರಿಸಿದರೆ ಕುತ್ತಿಗೆಯ ಮೇಲೆ ಗಟ್ಟಿ ಕೊಬ್ಬು ಕೂತು, ಗೊರಸಿನ ಉರಿಯೂತಕ್ಕೆ ಹತ್ತಿರವಾಗುತ್ತದಂತೆ. ಹಾಗಾಗಿ ಎಣ್ಣೆಯನ್ನು ವಾರಕ್ಕೆ ಸ್ವಲ್ಪ ಸ್ವಲ್ಪ ಇಳಿಸುತ್ತಿದ್ದೇವೆ. ಅದು ಪೂರ್ತಿ ನಿಂತ ಮೇಲೆ ಫೀಡ್‌ನ ಮೂರು ಪಾಲನ್ನು ಎರಡು ಮಾಡುತ್ತೇವೆ. ಹುಲ್ಲನ್ನು ಮುಟ್ಟುವುದಿಲ್ಲ. ಟೇಪ್ ಅಳತೆ ಈಗ ತಿಂಗಳಿಗೊಮ್ಮೆ. ಹಲ್ಲಿನ ಡಾಕ್ಟರ ಮುಂದಿನ ದಿನಾಂಕವನ್ನು ಈಗಲೇ ಬರೆಸಿಟ್ಟಿದ್ದೇನೆ, ಬೇಕಾದಾಗ ಕೇಳಿದರೆ ಸಿಗುವುದಿಲ್ಲ.